ಎರಡು ಗಂಡಸರ ತಟ್ಟೆ: ಮೂರು ಬಗೆಯ ಡೆಕಾಲ್ ಹಾಳೆಗಳ ವಿಮರ್ಶೆ

ಹೊವರ್ಡ್ ಕಾಟ್ಲರ್ ಅವರ ‘ಲುಕ್ ಅಲೈಕ್ಸ್’ ಎಂಬ ಪಿಂಗಾಣಿ ತಟ್ಟೆ ಸುಮಾರು 1972ರದ್ದು. ಅದರ ತಟ್ಟೆ ಕಾರ್ಖಾನೆಯದು, ಮೇಲಿನ ಚಿತ್ರವೂ ಅಚ್ಚಾಗಿ ಬಂದ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಪಿಂಗಾಣಿಗೆ ಅಂಟಿಸಿ ಸುಡುವ ಚಿತ್ರದ ಹಾಳೆ. ಗ್ರಾಂಟ್ ವುಡ್ 1930ರಲ್ಲಿ ಬರೆದ ‘ಅಮೆರಿಕನ್ ಗಾಥಿಕ್’ ಚಿತ್ರ ಅದು: ಕವೆಗೋಲು ಹಿಡಿದ ರೈತ, ಪಕ್ಕದಲ್ಲಿ ಒಬ್ಬ ಹೆಂಗಸು, ಹಿಂದೆ ಮರದ ಮನೆ. ಕಾಟ್ಲರ್ ಮಾಡಿದ್ದು ಒಂದೇ ಒಂದು ಬದಲಾವಣೆ. ಹೆಂಗಸಿನ ತಲೆಯ ಜಾಗಕ್ಕೆ ಅದೇ ರೈತನ ತಲೆ ಕತ್ತರಿಸಿ ಕೂರಿಸಿದರು. ಕನ್ನಡಕದ ಎರಡು ಮುಖ, ಅದೇ ಬಿಗಿದ ತುಟಿ, ಹಿಂದೆ ಅದೇ ಮನೆ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರ ಡಿಸೆಂಬರಿನಲ್ಲಿ. ಅದಕ್ಕೂ ಮೊದಲೇ ಇಬ್ಬರು ಗಂಡಸರು ತಟ್ಟೆಯ ಮೇಲೆ ಸಂಸಾರ ಹೂಡಿದ್ದರು.

ಈ ತಟ್ಟೆ ಯಾವ ಕಾಲದ ಸೆರಾಮಿಕ್ ಲೋಕದಲ್ಲಿ ಹುಟ್ಟಿತು ಎಂದು ತಿಳಿದರೆ ಅದರ ಧೈರ್ಯ ಅರ್ಥವಾಗುತ್ತದೆ. ಪೀಟರ್ ವೂಲ್ಕೋಸ್ 1950ರ ದಶಕದಲ್ಲಿ ಲಾಸ್ ಏಂಜಲೀಸಿನಲ್ಲಿ ಮಣ್ಣನ್ನು ರಾಶಿರಾಶಿಯಾಗಿ ಪೇರಿಸಿ, ಗುದ್ದಿ, ಸೀಳಿ ದೊಡ್ಡ ಆಕಾರಗಳನ್ನು ಎಬ್ಬಿಸಿದ ಮೇಲೆ ಅಮೆರಿಕದ ಕುಂಬಾರಿಕೆ ಒಂದು ಬಗೆಯ ಗಂಡಸರ ಕಸರತ್ತೇ ಆಗಿಹೋಗಿತ್ತು. ತೋಳ್ಬಲ ಕಾಣಬೇಕು, ಬೆರಳಿನ ಗುರುತು ಉಳಿಯಬೇಕು, ಮಣ್ಣು ಮಣ್ಣಾಗಿಯೇ ಇರಬೇಕು. ಪಿಂಗಾಣಿಯ ಮೇಲೆ ಹೂ ಬಿಡಿಸುವುದು, ಸ್ಟಿಕ್ಕರ್ ಅಂಟಿಸುವುದು ಮನೆಯ ಹೆಂಗಸರು ಹೊತ್ತು ಕಳೆಯಲು ಮಾಡುವ ಕೆಲಸವೆಂಬ ಸಸಾರ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸೆರಾಮಿಕ್ಸ್ ಕಲಿಸುತ್ತಿದ್ದ ಕಾಟ್ಲರ್ ಬೇಕೆಂದೇ ಆ ಸಸಾರದ ಕೆಲಸವನ್ನು ಕೈಗೆತ್ತಿಕೊಂಡರು. ಗಂಡಸುತನದ ಬಗ್ಗೆ ಅವರ ಮಾತು ಇರುವುದು ಚಿತ್ರದಲ್ಲಿ ಮಾತ್ರವಲ್ಲ, ಬ್ಲೇಡು ಮತ್ತು ನೀರಿನ ಬಟ್ಟಲು ಸಾಕು ಎಂದ ಆ ವಿಧಾನದಲ್ಲೂ ಇದೆ.

ಆದ್ದರಿಂದ ಇಂದು ಇದೇ ದಾರಿಯಲ್ಲಿ, ಗಂಡು ಗಂಡಿನ ಬಯಕೆಯನ್ನು ಪಿಂಗಾಣಿಯ ಮೇಲೆ ತರಲು ಹೊರಟವರಿಗೆ ಡೆಕಾಲ್ ಹಾಳೆಯ ಆಯ್ಕೆ ಸಣ್ಣ ವಿಷಯವಲ್ಲ. ಸಿಗುವುದು ಮುಖ್ಯವಾಗಿ ಮೂರು ಬಗೆ: ಕಾರ್ಖಾನೆಗಳಿಗೆಂದು ಅಚ್ಚಾದ ಸಿದ್ಧ ಡೆಕಾಲ್, ನಾವು ಕಳಿಸಿದ ಫೈಲಿನಿಂದ ಮುದ್ರಿಸಿಕೊಡುವ ಡಿಜಿಟಲ್ ಡೆಕಾಲ್, ಲೇಸರ್ ಪ್ರಿಂಟರ್‌ನಲ್ಲಿ ನಾವೇ ತೆಗೆದುಕೊಳ್ಳುವ ಕಬ್ಬಿಣದ ಟೋನರ್ ಡೆಕಾಲ್. ಇವನ್ನು ಇಲ್ಲಿ ಅಳೆದಿರುವುದು ಎರಡೇ ಪ್ರಶ್ನೆಯಿಂದ. ಕತ್ತರಿಸಿ ಜೋಡಿಸಿದ ಗೆರೆ ಮಾಯವಾಗುತ್ತದೆಯೇ? ನಮ್ಮ ಗಂಡಸರ ಮೈಬಣ್ಣ ಸರಿಯಾಗಿ ಬರುತ್ತದೆಯೇ?

ಸಿದ್ಧ ಡೆಕಾಲ್ ಮೊದಲು. ಗುಲಾಬಿ, ಹುಂಜ, ದ್ರಾಕ್ಷಿ ಗೊಂಚಲು, ದೇವರ ಚಿತ್ರ, ಕುದುರೆ ಸವಾರ, ಹೀಗೆ ಹೋಟೆಲು ಮತ್ತು ಮನೆ ಸಾಮಾನಿಗೆಂದು ಸ್ಕ್ರೀನ್ ಮುದ್ರಣದಲ್ಲಿ ತಯಾರಾದವು. ನಮ್ಮ ದೇಶದಲ್ಲಿ ಪಿಂಗಾಣಿ ಕಾರ್ಖಾನೆಗಳ ಊರಾದ ಉತ್ತರ ಪ್ರದೇಶದ ಖುರ್ಜಾದಂಥ ಕಡೆ ಇದರ ಬಳಕೆ ಹೆಚ್ಚು. ಇದರ ದೊಡ್ಡ ಗುಣ ಬಣ್ಣದ ದಪ್ಪ. ಸ್ಕ್ರೀನ್ ಹಾಕುವ ಪದರ ಡಿಜಿಟಲ್‌ಗಿಂತ ದಟ್ಟ, ಸುಟ್ಟ ಮೇಲೂ ಕೆಂಪು ಕೆಂಪಾಗಿಯೇ ನಿಲ್ಲುತ್ತದೆ. ಕಾಟ್ಲರ್ ಬಗೆಯ ಕೆಲಸಕ್ಕೆ ಇದೇ ಮೊದಲ ಆಯ್ಕೆ ಎನ್ನಲು ಇನ್ನೂ ಮುಖ್ಯ ಕಾರಣವಿದೆ. ಎಲ್ಲರ ಮನೆಯ ಷೋಕೇಸಿನಲ್ಲಿ ಕಂಡ ಚಿತ್ರವನ್ನು ಒಂದು ಕೂದಲೆಳೆಯಷ್ಟು ಜರುಗಿಸಿದಾಗಲೇ ನೋಡುವವರಿಗೆ ಝುಮ್ಮೆನ್ನುವುದು. ಹೊಸದಾಗಿ ಬರೆದ ಚಿತ್ರಕ್ಕೆ ಆ ಶಕ್ತಿ ಇಲ್ಲ.

ಕತ್ತರಿಸುವ ಕೆಲಸ ಒಣ ಹಾಳೆಯಲ್ಲೇ ಮುಗಿಯಬೇಕು. ಒಂದೇ ಚಿತ್ರದ ಎರಡು ಹಾಳೆ ತೆಗೆದುಕೊಳ್ಳಿ. ಎರಡೂ ಒಂದೇ ಕಂತಿನಲ್ಲಿ ಅಚ್ಚಾಗಿರಬೇಕು, ಇಲ್ಲದಿದ್ದರೆ ಎರಡು ಮುಖಗಳ ಬಣ್ಣ ಬೇರೆಯಾಗುತ್ತದೆ. ಎರಡನೆಯ ಹಾಳೆಯ ತಲೆಯನ್ನು ಸುತ್ತ 1 ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ಮೊದಲ ಹಾಳೆಯ ಮೇಲೆ ಸರಿಯಾದ ಜಾಗದಲ್ಲಿಟ್ಟು ಮಾಸ್ಕಿಂಗ್ ಟೇಪಿನಿಂದ ಬಿಗಿಯಿರಿ. ಈಗ 11ನೇ ನಂಬರಿನ ಹೊಸ ಸರ್ಜಿಕಲ್ ಬ್ಲೇಡಿನಿಂದ ಎರಡೂ ಹಾಳೆಗಳನ್ನು ಒಂದೇ ಏಟಿಗೆ ಕೊಯ್ಯಿರಿ. ಹೀಗೆ ಮಾಡಿದರೆ ತೂತು ಮತ್ತು ತಲೆ ಒಂದಕ್ಕೊಂದು ಅಚ್ಚುಕಟ್ಟಾಗಿ ಕೂರುತ್ತವೆ. ಕೊಯ್ಯುವ ಗೆರೆ ಕಾಲರಿನ ಅಂಚು, ದವಡೆಯ ನೆರಳು, ಟೋಪಿಯ ಕೆಳಗೆರೆಯ ಮೇಲೆ ಹೋಗಲಿ. ಕೆನ್ನೆಯ ನಡುವೆ ಹೋದ ಗೆರೆಯನ್ನು ಯಾರೂ ಮುಚ್ಚಲಾರರು. ಹಳೆಯ ಹಾಳೆಯಾದರೆ ಚಿತ್ರವನ್ನು ಹಿಡಿದಿಡುವ ಮೇಲಿನ ಲ್ಯಾಕರ್ ಪದರ ಪೆಡಸಾಗಿ ಬ್ಲೇಡು ತಾಗಿದೊಡನೆ ಬಿರಿಯುತ್ತದೆ. ಹೇರ್ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ ಕೊಯ್ದರೆ ಬಿರುಕು ಕಡಿಮೆ.

ಇಲ್ಲೊಂದು ಮಿತಿ ಇದೆ. ಸಿದ್ಧ ಡೆಕಾಲ್‌ನಲ್ಲಿ ಕನ್ನಡಿ ಬಿಂಬ ಸಿಗುವುದಿಲ್ಲ. ಎರಡು ಗಂಡಸರು ಒಬ್ಬರನ್ನೊಬ್ಬರು ನೋಡಬೇಕು ಎಂದು ತಲೆಯನ್ನು ಮಗುಚಿ ಅಂಟಿಸಿದರೆ ಲ್ಯಾಕರ್ ಪದರ ಬಣ್ಣದ ಕೆಳಗೆ ಸಿಕ್ಕಿಕೊಂಡು, ಉರಿಯುವಾಗ ಬಣ್ಣವನ್ನು ಗ್ಲೇಜಿನಿಂದ (ತಟ್ಟೆಯ ಮೇಲಿನ ಗಾಜಿನಂಥ ಪದರದಿಂದ) ಎತ್ತಿಬಿಡುವ ಅಪಾಯವಿದೆ. ಕಾಟ್ಲರ್ ತಟ್ಟೆಯ ಇಬ್ಬರೂ ಒಂದೇ ಮುಖಭಾವದಲ್ಲಿ ನಿಂತಿರುವುದೇ ಆ ಕೃತಿಯ ಬಲ. ನೋಟ ಕೂಡುವ ಚಿತ್ರವೇ ಬೇಕೆಂದರೆ ಡಿಜಿಟಲ್‌ಗೆ ಹೋಗಬೇಕು.

ಡಿಜಿಟಲ್ ಡೆಕಾಲ್‌ನಲ್ಲಿ ಏನು ಬೇಕಾದರೂ ಮುದ್ರಿಸಬಹುದು, ತಿರುಗಿಸಬಹುದು, ಹಿಗ್ಗಿಸಬಹುದು. ಜೋಡಿಸಿದ ಗೆರೆ ಪರದೆಯ ಮೇಲೆಯೇ ಅಳಿಸಿಹೋಗುತ್ತದೆ. ಮೊದಲ ಪ್ರಶ್ನೆಗೆ ಪೂರ್ತಿ ಅಂಕ. ಎರಡನೆಯದರಲ್ಲಿ ಇದು ಎಡವುತ್ತದೆ, ಮತ್ತು ಈ ವಸ್ತುವಿನ ಮಟ್ಟಿಗೆ ಅದು ದೊಡ್ಡ ಎಡವು. ಸೆರಾಮಿಕ್ ಟೋನರಿನ ಮೆಜೆಂಟಾ ಬಣ್ಣ ಸಾಮಾನ್ಯವಾಗಿ ಚಿನ್ನದಿಂದ ಬರುತ್ತದೆ, ನೀಲಿಯತ್ತ ವಾಲಿದ ತೆಳು ಗುಲಾಬಿ ಅದು. ಕಾಗದದ ಮುದ್ರಣದಲ್ಲಿ ಸಿಗುವ ಬಿಸಿ ಕೆಂಪು ಇದರಿಂದ ಹುಟ್ಟುವುದಿಲ್ಲ. ಕಂದು ಮೈಬಣ್ಣಕ್ಕೆ ಹಳದಿ, ಮೆಜೆಂಟಾ, ನೀಲಿ ಮೂರೂ ಗಟ್ಟಿಯಾಗಿ ಬೇಕು. ಕೆಂಪು ಸೋತ ಕೂಡಲೇ ಮೈ ಹಸಿರು ಬೂದಿಗೆ ತಿರುಗುತ್ತದೆ, ಸರಿಪಡಿಸಲು ಹೋದರೆ ನೇರಳೆಗೆ. ಇನ್ನು ನಾಲ್ಕು ಬಣ್ಣದ ಮುದ್ರಣದಲ್ಲಿ ಬಿಳಿ ಎಂಬುದೇ ಇಲ್ಲ, ತಟ್ಟೆಯ ಬಿಳಿಯೇ ಬಿಳಿ. ಹಾಗಾಗಿ ಬೆಳ್ಳಗಿನ ಮೈ ಸಲೀಸಾಗಿ ಬರುತ್ತದೆ, ಅರ್ಧ ಕೆಲಸವನ್ನು ತಟ್ಟೆಯೇ ಮಾಡಿಕೊಡುತ್ತದೆ. ನಮ್ಮ ಕಡೆಯ ಗಂಡಸಿನ ಬೆನ್ನು, ಹೆಗಲು, ಬಿಸಿಲಿಗೆ ಕಂದಿದ ಕತ್ತು ತರಬೇಕಾದರೆ ಹಾಳೆಯ ಮೇಲಿನ ಬಣ್ಣವನ್ನು ಕೊನೆಯ ಹನಿಯವರೆಗೆ ದುಡಿಸಬೇಕು. ಸೆಲಡಾನ್‌ನಂಥ ಬಣ್ಣದ ಗ್ಲೇಜಿನ ಮೇಲಂತೂ ಚಿತ್ರ ಮುಳುಗಿಯೇ ಹೋಗುತ್ತದೆ.

ಆದ್ದರಿಂದ ಮೊದಲ ಆರ್ಡರ್ ಚಿತ್ರದ್ದಾಗಬಾರದು, ಬಣ್ಣಪಟ್ಟಿಯದ್ದಾಗಬೇಕು. 2 ಸೆಂ.ಮೀ. ಚೌಕಗಳಲ್ಲಿ 24 ಕಂದುಗಳನ್ನು ಮಾಡಿ, ಪ್ರತಿಯೊಂದರ ಕೆಳಗೂ ಬಣ್ಣದ ಪ್ರಮಾಣ ಬರೆದು, ಅದೇ ಹಾಳೆಯನ್ನು ಅದೇ ತಟ್ಟೆಯ ಮೇಲೆ ಅದೇ ಕಿಲ್ನ್‌ನಲ್ಲಿ (ಪಿಂಗಾಣಿ ಸುಡುವ ಗೂಡಿನಲ್ಲಿ) ಸುಡಬೇಕು. ಪರದೆಯ ಮೇಲೆ ಕಂಡ ಬಣ್ಣಕ್ಕೂ ಸುಟ್ಟ ಬಣ್ಣಕ್ಕೂ ಸಂಬಂಧ ತಿಳಿಯಲು ಬೇರೆ ದಾರಿಯಿಲ್ಲ. ಮುದ್ರಿಸುವವರ ಬಳಿ ಮೆಜೆಂಟಾ ಬದಲು ಕ್ಯಾಡ್ಮಿಯಂ ಕೆಂಪಿನ ಟೋನರ್ ಇದೆಯೇ ಎಂದು ಕೇಳಿ. ಇದ್ದರೆ ಮೈಬಣ್ಣ ಬಹಳ ಸುಧಾರಿಸುತ್ತದೆ, ಆದರೆ ಅಂಥ ತಟ್ಟೆಯನ್ನು ಊಟಕ್ಕೆ ಬಳಸಬಾರದು. ಫೈಲು 300 ಡಿಪಿಐ, ನಿಜವಾದ ಅಳತೆಯಲ್ಲೇ ಇರಲಿ.

ಮೂರನೆಯದು ಮೇಲ್ನೋಟಕ್ಕೆ ಬಡವರ ದಾರಿ. ಕೆಲವು ಕಪ್ಪು ಬಿಳುಪು ಲೇಸರ್ ಪ್ರಿಂಟರ್‌ಗಳ ಟೋನರಿನಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಪ್ಲಾಸ್ಟಿಕ್ ಉರಿದುಹೋಗಿ ಕಬ್ಬಿಣ ಉಳಿದು ತುಕ್ಕಿನ ಕಂದು ಚಿತ್ರ ನಿಲ್ಲುತ್ತದೆ. ಎಲ್ಲ ಪ್ರಿಂಟರ್‌ಗಳಲ್ಲೂ ಇದು ಆಗದು. ಟೋನರಿನ ಸುರಕ್ಷತಾ ವಿವರಪತ್ರದಲ್ಲಿ ಐರನ್ ಆಕ್ಸೈಡ್, ಮ್ಯಾಗ್ನೆಟೈಟ್ ಅಥವಾ ಫೆರೈಟ್ ಎಂಬ ಹೆಸರಿದೆಯೇ ನೋಡಬೇಕು, ಇಲ್ಲದಿದ್ದರೆ ಕಿಲ್ನ್ ತೆರೆದಾಗ ಬರೀ ತಟ್ಟೆ ಇರುತ್ತದೆ. ಬಣ್ಣ ಒಂದೇ, ಆದರೆ ಆ ಒಂದು ಬಣ್ಣ ನಮ್ಮ ಮೈಬಣ್ಣದ ಮನೆತನದ್ದೇ! ನೆರಳು ಗಾಢ ಕಂದು, ಬೆಳಕು ಜೇನಿನಂತೆ. ಕಂದು ಗಂಡಸಿನ ದೇಹಕ್ಕೆ ನಾಲ್ಕು ಬಣ್ಣದ ಡಿಜಿಟಲ್‌ಗಿಂತ ಇದು ಎಷ್ಟೋ ಮೇಲು ಎಂಬುದು ಈ ವಿಮರ್ಶೆಯ ಖಚಿತ ಅಭಿಪ್ರಾಯ.

ತೊಡಕು ಬೇರೆ ಕಡೆ ಇದೆ. ಟೋನರಿನಲ್ಲಿ ಗಾಜಾಗಿ ಕರಗುವ ಫ್ಲಕ್ಸ್ ಇಲ್ಲ, ಕಬ್ಬಿಣವನ್ನು ಹಿಡಿದುಕೊಳ್ಳಬೇಕಾದದ್ದು ಕೆಳಗಿನ ಗ್ಲೇಜು. ಗ್ಲೇಜು ಮೆತ್ತಗಾಗುವಷ್ಟು ಶಾಖ ಬೇಕು: ಕಡಿಮೆ ಮತ್ತು ಮಧ್ಯಮ ಶಾಖದ ಗ್ಲೇಜುಗಳಿಗೆ ಸುಮಾರು 1000ರಿಂದ 1060 ಡಿಗ್ರಿ. ಅಂಗಡಿಯಲ್ಲಿ ಕೊಂಡ ಗಟ್ಟಿ ಪಿಂಗಾಣಿ ತಟ್ಟೆಯ ಗ್ಲೇಜು ಅಷ್ಟಕ್ಕೆ ಕದಲುವುದಿಲ್ಲ, ಚಿತ್ರ ಪುಡಿಯಾಗಿ ಬೆರಳಿಗೆ ಬರುತ್ತದೆ. ಶಾಖ ಹೆಚ್ಚಾದರೆ ಕಬ್ಬಿಣ ಗ್ಲೇಜಿನಲ್ಲಿ ಕರಗಿ ಮುಖದ ಗೆರೆಗಳು ಮಂಕಾಗುತ್ತವೆ. ಅಂದರೆ ಕಾಟ್ಲರ್ ಹಾಗೆ ಕಾರ್ಖಾನೆ ತಟ್ಟೆಯೇ ಬೇಕು ಎನ್ನುವವರಿಗೆ ಇದು ಒದಗದು. ತಾವೇ ಮಾಡಿ ತಾವೇ ಗ್ಲೇಜು ಹಾಕಿದ ತಟ್ಟೆ, ಹೂಜಿ, ಬಟ್ಟಲುಗಳಿಗೆ ಇದು.

ಅಂಟಿಸುವ ಕ್ರಮ ಮೂರಕ್ಕೂ ಹೆಚ್ಚುಕಡಿಮೆ ಒಂದೇ. ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಿ, ಮತ್ತೆ ಬೆರಳು ತಾಗಿಸಬೇಡಿ. ಹಾಳೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ 30ರಿಂದ 60 ಸೆಕೆಂಡು ಬಿಡಿ. ಮೊದಲು ಸುರುಳಿಯಾಗಿ ಆಮೇಲೆ ತಾನೇ ಬಿಚ್ಚಿಕೊಳ್ಳುತ್ತದೆ, ಆಗ ಎತ್ತಬೇಕು. ತಟ್ಟೆಯ ಮೇಲೆ ಎರಡು ಹನಿ ನೀರು ಹಾಕಿ ಚಿತ್ರವನ್ನು ಜಾರಿಸಿ. ಎಳೆಯಬೇಡಿ, ನೆನೆದ ಡೆಕಾಲ್ ಹಿಗ್ಗಿ ಎರಡು ತಲೆಗಳ ಅಳತೆ ಕೆಡುತ್ತದೆ. ಮೆತ್ತನೆಯ ರಬ್ಬರ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆಯಿರಿ. ಟೋನರ್ ಡೆಕಾಲ್‌ನಲ್ಲಿ ಚಿತ್ರ ಮೇಲ್ಗಡೆಯೇ ಬಯಲಾಗಿರುವುದರಿಂದ ಅಲ್ಲಿ ಒತ್ತಡ ಇನ್ನೂ ಹಗುರವಾಗಿರಲಿ. ಎರಡು ತುಂಡು ಸೇರುವಲ್ಲಿ ಒಂದರ ಮೇಲೊಂದು ಹತ್ತಲು ಬಿಡಬೇಡಿ. ಅರ್ಧ ಮಿ.ಮೀ. ಸಂದು ಉಳಿದರೆ ಸುಟ್ಟ ಮೇಲೆ ಗ್ಲೇಜಿನ ಮೇಲೆ ಹಚ್ಚುವ ಆನ್‌ಗ್ಲೇಜ್ ಬಣ್ಣದಿಂದ ತಿದ್ದಿ ಮತ್ತೆ ಸುಡಬಹುದು, ಮೇಲೆ ಹತ್ತಿದ್ದು ಗುಳ್ಳೆಯೆದ್ದರೆ ತಿದ್ದಲು ಆಗದು. ಒಣಗಲು 24 ಗಂಟೆ, ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಎರಡು ದಿನ.

ಸಿದ್ಧ ಮತ್ತು ಡಿಜಿಟಲ್ ಡೆಕಾಲ್‌ಗೆ ಗಂಟೆಗೆ ಸುಮಾರು 100 ಡಿಗ್ರಿಯಂತೆ 500ರವರೆಗೆ ಏರಿಸಿ. ಅಷ್ಟೂ ಹೊತ್ತು ಕಿಲ್ನ್‌ನ ಮುಚ್ಚಳ ಎರಡು ಬೆರಳು ತೆರೆದಿರಲಿ, ಕಿಂಡಿಯ ಬಿರಡೆ ತೆಗೆದಿರಲಿ. ಲ್ಯಾಕರ್ ಉರಿಯುವ ಹೊಗೆ ಕೆಟ್ಟದ್ದು, ಆ ಕೋಣೆಯಲ್ಲಿ ಕೂರಬಾರದು. ಆಮೇಲೆ ಮುಚ್ಚಿ 800ರಿಂದ 820ಕ್ಕೆ ಏರಿಸಿ 10 ನಿಮಿಷ ನಿಲ್ಲಿಸಿದರೆ ಸಾಕು. ಹಾಳೆ ಮಾರುವವರು ಬೇರೆ ಶಾಖ ಹೇಳಿದ್ದರೆ ಅವರ ಮಾತೇ ಅಂತಿಮ.

ಕೆಡುವ ಬಗೆಗಳನ್ನು ನೋಡಿದರೆ ಕಾರಣ ಗೊತ್ತಾಗುತ್ತದೆ. ಸೂಜಿಮೊನೆಯಷ್ಟು ಬಿಳಿ ಚುಕ್ಕೆಗಳು ಕಂಡರೆ ಕೆಳಗೆ ಗಾಳಿಯೋ ನೀರೋ ಉಳಿದಿತ್ತು. ಚಿತ್ರದ ಸುತ್ತ ಹಾಲಿನಂಥ ಮಂಜು ಇದ್ದರೆ ಹಾಳೆಯ ಅಂಟನ್ನು ತೊಳೆದು ಒರೆಸಿರಲಿಲ್ಲ. ಬಣ್ಣವೆಲ್ಲ ಕಳೆಗುಂದಿ ಒರಟಾಗಿದ್ದರೆ ಮುಚ್ಚಳ ಬೇಗ ಮುಚ್ಚಿದ್ದು ಅಥವಾ ಶಾಖ ಸಾಲದ್ದು. ಕೆಂಪು ಮಾತ್ರ ಮಾಸಿದ್ದರೆ ಶಾಖ ಮೀರಿದೆ. ಹಳೆಯ, ಬಳಸಿದ ತಟ್ಟೆ ಕೊಂಡವರಿಗೆ ಇನ್ನೊಂದು ಅಪಾಯವಿದೆ. ಗ್ಲೇಜಿನ ಸಣ್ಣ ಬಿರುಕುಗಳಲ್ಲಿ ವರ್ಷಗಟ್ಟಲೆ ಇಳಿದ ಜಿಡ್ಡು ಮತ್ತು ತೇವ ಕಿಲ್ನ್‌ನಲ್ಲಿ ಕಪ್ಪು ಕಲೆಯಾಗಿ ಉಗುಳಿಕೊಳ್ಳುತ್ತದೆ. ಅಂಥ ತಟ್ಟೆಯನ್ನು ಡೆಕಾಲ್ ಹಚ್ಚುವ ಮೊದಲೇ ಒಮ್ಮೆ ಬರಿದೇ ಸುಟ್ಟು ನೋಡಬೇಕು. ಚಿನ್ನದ ಅಂಚು ಬೇಕಿದ್ದರೆ ಅದು ಕೊನೆಯ, ಇನ್ನೂ ಕಡಿಮೆ ಶಾಖದ ಸುಡುವಿಕೆ. ದ್ರವಚಿನ್ನ ತಾಗಿದ ಬೆರಳಿನಿಂದ ತಟ್ಟೆ ಮುಟ್ಟಿದರೆ ಅಲ್ಲಿ ನೇರಳೆ ಕಲೆ ಕಾಯಂ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ತಟ್ಟೆ ಸೋಲಬಹುದು. ಹೆಚ್ಚಿನವರು ಸೋಲುವುದು ಬೆತ್ತಲೆ ಗಂಡಸಿನ ಫೋಟೋವೊಂದನ್ನು ದುಂಡಗೆ ಕತ್ತರಿಸಿ ನಡುವೆ ಅಂಟಿಸಿ ಬಿಡುವುದರಲ್ಲಿ. ಅದಕ್ಕೆ ತಟ್ಟೆ ಯಾಕೆ ಬೇಕು, ಗೋಡೆಯ ಕ್ಯಾಲೆಂಡರ್ ಸಾಕಿತ್ತಲ್ಲ? ಪಾತ್ರೆಯ ಆಕಾರಕ್ಕೆ ಏನಾದರೂ ಕೆಲಸ ಸಿಗಬೇಕು. ಕ್ರಿಸ್ತಪೂರ್ವ 6, 5ನೇ ಶತಮಾನದ ಅಥೆನ್ಸಿನ ಕುಂಬಾರರಿಗೆ ಇದು ಗೊತ್ತಿತ್ತು. ಅವರ ದ್ರಾಕ್ಷಾರಸದ ಬಟ್ಟಲುಗಳ ಮೇಲೆ ಗಂಡಸರು ಹುಡುಗರನ್ನು ಓಲೈಸುವ ಚಿತ್ರಗಳಿವೆ, ‘ಹುಡುಗ ಚೆಲುವ’ ಎಂಬ ಬರಹವಿದೆ, ಮತ್ತು ಬಟ್ಟಲಿನ ತಳದ ದುಂಡು ಚಿತ್ರ ಕುಡಿದು ಮುಗಿಸಿದವನಿಗಷ್ಟೇ ಕಾಣುತ್ತದೆ. ಕೆನಡಾದ ಪಾಲ್ ಮ್ಯಾಥ್ಯೂ ತಟ್ಟೆ ಬಟ್ಟಲುಗಳನ್ನು ಒಂದರೊಳಗೊಂದು ಪೇರಿಸಿ, ಚಿತ್ರ ಅವುಗಳ ಮೇಲೆಲ್ಲ ಹರಿಯುವಂತೆ ಮಾಡಿದರು. ಒಂದು ಎತ್ತಿದರೆ ಚಿತ್ರ ಒಡೆಯುತ್ತದೆ. ಅದೇ ದೇಶದ ಲಿಯೊಪೋಲ್ಡ್ ಫೂಲೆಮ್ ಅಗ್ಗದ ಡೆಕಾಲ್‌ಗಳಿಗೆ ಅರಮನೆಯ ಹೂಜಿಗಳಿಗೆ ಹಾಕುವಂಥ ಲೋಹದ ಕಟ್ಟು ಹಾಕಿದರು. ಇಂಗ್ಲೆಂಡಿನ ಮ್ಯಾಟ್ ಸ್ಮಿತ್ ಡೆಕಾಲ್‌ನ ಬದಲು ಅಚ್ಚುಗಳಲ್ಲಿ ಇದೇ ಕೆಲಸ ಮಾಡುತ್ತಾರೆ. ಹಳೆಯ ಅಚ್ಚುಗಳಿಂದ ಎರಕ ಹೊಯ್ದ ತುಂಡುಗಳನ್ನು ಹಸಿಯಲ್ಲೇ ಅದಲುಬದಲು ಮಾಡಿ, ವಸ್ತುಸಂಗ್ರಹಾಲಯದ ಕಪಾಟುಗಳಲ್ಲಿ ಹಳೆಯ ಪಿಂಗಾಣಿಯ ಪಕ್ಕದಲ್ಲೇ ಇಡುತ್ತಾರೆ. 2010ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, 2018ರಲ್ಲಿ ಕೇಂಬ್ರಿಡ್ಜ್‌ನ ಫಿಟ್ಸ್‌ವಿಲಿಯಂ ಸಂಗ್ರಹಾಲಯದಲ್ಲಿ ಅವರ ಪ್ರದರ್ಶನಗಳಾದವು. ನಮ್ಮವರೇ ಆದ ಬರೋಡದ ಭೂಪೇನ್ ಖಖ್ಖರ್ ಕೂಡ ಪಿಂಗಾಣಿಯಲ್ಲಿ ಕೈಯಾಡಿಸಿದ್ದರು. 2016ರ ಲಂಡನ್ನಿನ ಟೇಟ್ ಮಾಡರ್ನ್ ಪ್ರದರ್ಶನದಲ್ಲಿ ಅವರ ವರ್ಣಚಿತ್ರಗಳ ಜೊತೆ ಸೆರಾಮಿಕ್ ಕೃತಿಗಳೂ ಇದ್ದವು. ಡೆಕಾಲ್‌ನ ಹಂಗಿಲ್ಲದೆ ಕೈಯಿಂದಲೇ ಕಟ್ಟುವ ದಾರಿ ಹಿಡಿಯುವವರು ಕೊಲಂಬೊದಲ್ಲಿ ಹುಟ್ಟಿ ಸಿಡ್ನಿಯಲ್ಲಿ ಬೆಳೆದ ರಮೇಶ್ ಮಾರಿಯೊ ನಿತಿಯೇಂದ್ರನ್ ಅವರ ಮೂರ್ತಿಗಳನ್ನು ನೋಡಲೇಬೇಕು. ಹೆಣ್ಣು ಗಂಡಿನ ಗುರುತುಗಳು ಒಂದೇ ಮೈಮೇಲೆ, ಗ್ಲೇಜು ಮೇಣದ ಹಾಗೆ ಸೋರುತ್ತಾ.

ಮುದ್ರಣ ಸೇವೆಯ ಬಗ್ಗೆ ಒಂದು ಎಚ್ಚರಿಕೆ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ಸಲಿಂಗಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಬಾಧೆ ತೆಗೆದ ಮೇಲೆ ಇಬ್ಬರು ಗಂಡಸರ ಪ್ರೀತಿಯ ಚಿತ್ರ ಅಪರಾಧದ ಚಿತ್ರವಲ್ಲ. ಆದರೆ ಅಶ್ಲೀಲತೆಯ ಕಾನೂನು ಬೇರೆ, ಅದು ಈಗ ಭಾರತೀಯ ನ್ಯಾಯ ಸಂಹಿತೆಯ 294ನೇ ಕಲಮು. ಕಲೆಯ ಹಿತಕ್ಕಾಗಿ ಎಂಬ ವಿನಾಯಿತಿ ಅದರೊಳಗೇ ಇದೆ. ಚಿತ್ರಕಾರರಾದ ಎಫ್.ಎನ್. ಸೌಜಾ ಮತ್ತು ಅಕ್ಬರ್ ಪದಮ್ಸೀ ಅವರ 7 ಕೃತಿಗಳನ್ನು ಅಶ್ಲೀಲವೆಂದು ಮುಂಬಯಿ ಕಸ್ಟಮ್ಸ್ ಮುಟ್ಟುಗೋಲು ಹಾಕಿದ್ದನ್ನು ಬಾಂಬೆ ಹೈಕೋರ್ಟ್ 2024ರ ಅಕ್ಟೋಬರಿನಲ್ಲಿ ರದ್ದುಮಾಡಿತು. ಹೊರದೇಶದಿಂದ ಹಾಳೆ ತರಿಸುವವರು, ತಟ್ಟೆ ಕಳಿಸುವವರು ಈ ತೀರ್ಪಿನ ಪ್ರತಿ ಕೈಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮುದ್ರಿಸುವವರಿಗೆ ಫೈಲು ಕಳಿಸುವ ಮೊದಲೇ ಚಿತ್ರ ಎಂಥದ್ದು ಎಂದು ಬಾಯಿಬಿಟ್ಟು ಹೇಳಿ, ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಮುಂಗಡ ಕೊಟ್ಟ ಮೇಲೆ ಬೇಡ ಅನ್ನಿಸಿಕೊಳ್ಳುವುದು ಇಬ್ಬರಿಗೂ ನಷ್ಟ.

ಊಟದ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ. 800 ಡಿಗ್ರಿಯಲ್ಲಿ ಗ್ಲೇಜಿನ ಮೇಲೆ ಕೂತ ಬಣ್ಣ ಹುಣಸೆಹುಳಿ, ನಿಂಬೆಹುಳಿಗೆ ನಿಧಾನವಾಗಿ ಸೋಲುತ್ತದೆ, ಕೆಂಪು ಮತ್ತು ಹಳದಿಯಲ್ಲಿ ಕ್ಯಾಡ್ಮಿಯಂ ಇರಬಹುದು. ಗೋಡೆಗೆ ತೂಗಿ, ಇಲ್ಲವೇ ಚಿತ್ರವನ್ನು ತಟ್ಟೆಯ ಹಿಂಬದಿಗೆ ಹಾಕಿ. ಹಿಂಬದಿಯಲ್ಲಿ ಇಬ್ಬರು ಗಂಡಸರಿರುವ ತಟ್ಟೆಯಲ್ಲಿ ಮನೆಯವರೆಲ್ಲ ಊಟ ಮಾಡಿ, ತೊಳೆಯುವವರಿಗೆ ಮಾತ್ರ ಚಿತ್ರ ಸಿಗುವುದು ಒಳ್ಳೆಯ ಯೋಚನೆಯೇ. ಆಗ ತಟ್ಟೆಯ ತಳದಲ್ಲಿ ಅದು ಊರಿ ನಿಲ್ಲುವ ದುಂಡು ಏಣಿನ ಒಳಗಿನ ಸಮತಟ್ಟು ಭಾಗ ಎಷ್ಟಿದೆ ಎಂದು ಅಳೆದುಕೊಂಡು ಆಮೇಲೆ ಚಿತ್ರ ಆರಿಸಬೇಕು.

ಕೊಳ್ಳುವವರಿಗೆ: ಕತ್ತರಿಸಿ ಜೋಡಿಸುವ ಕೆಲಸಕ್ಕೆ ಸಿದ್ಧ ಡೆಕಾಲ್, ಕಂದು ಮೈಗೆ ಟೋನರ್, ಬೇರೆ ದಾರಿಯೇ ಇಲ್ಲದಾಗ ಡಿಜಿಟಲ್. ಹಾಳೆಗಳನ್ನು ಸುರುಳಿ ಸುತ್ತದೆ ಚಪ್ಪಟೆಯಾಗಿ, ನಡುವೆ ಕಾಗದವಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಡಿ. ಯಾವುದನ್ನು ತರಿಸಿದರೂ ಒಂದೇ ಚಿತ್ರದ ಮೂರು ಪ್ರತಿ ತರಿಸಿ. ಎರಡು ಬೇಕೇ ಬೇಕು, ಮೂರನೆಯದು ಮೊದಲ ಕೊಯ್ತ ತಪ್ಪಿದಾಗ.